ಕೋಳಿಯ ಹಾಸಿಗೆ

ಹಿತ್ತಿಲಿನಲ್ಲಿ ಇಪ್ಪತ್ತು ಕೋಳಿಗಳನ್ನೋ, ಹೊಲದ ಬದಿಯಲ್ಲಿ ಇನ್ನೂರು ಕೋಳಿಗಳನ್ನೋ ಸಾಕಲು ಹೊರಡುವವರು ಮೊದಲು ವಿಚಾರಿಸುವುದು ತಳಿಯನ್ನು, ಬಳಿಕ ಮೇವನ್ನು, ಅದಾದ ಮೇಲೆ ಲಸಿಕೆಯನ್ನು. ಕೋಳಿಮನೆಯ ನೆಲದ ಮೇಲೆ ಏನನ್ನು ಹಾಸಬೇಕೆಂಬ ಪ್ರಶ್ನೆ ಏಳುವುದು ಕಟ್ಟಕಡೆಗೆ, ಮರಿಗಳು ಪೆಟ್ಟಿಗೆಯಲ್ಲಿ ಬಂದಿಳಿದ ದಿನ. ಆಗ ಹತ್ತಿರದ ಗಿರಣಿಯಲ್ಲಿ ಏನು ಸಿಕ್ಕುವುದೋ ಅದೇ ಹಾಸಾಗುತ್ತದೆ. ಬೇಸಗೆಯಲ್ಲಿ ಇದರಿಂದ ದೊಡ್ಡ ತೊಂದರೆಯೇನೂ ಕಾಣದು. ಆದರೆ ಮಳೆ ಹಿಡಿದು ಮೂರು ವಾರವಾಗುವಷ್ಟರಲ್ಲಿ ನೆಲ ಜಿಗುಟಾಗಿ, ಬಾಗಿಲು ತೆರೆದೊಡನೆ ಕಣ್ಣುರಿದು, ಮರಿಗಳು ರೆಕ್ಕೆ ಜೋಲಿಸಿ ಮೂಲೆ ಸೇರಿ ರಕ್ತಮಿಶ್ರಿತ ಹಿಕ್ಕೆ ಹಾಕತೊಡಗಿದಾಗ, ತಪ್ಪು ಮೇವಿನದೋ ಮರಿ ಮಾರಿದವನದೋ ಎಂಬ ಹುಡುಕಾಟ ಪ್ರಾರಂಭವಾಗುತ್ತದೆ. ಬಹಳ ಸಂದರ್ಭಗಳಲ್ಲಿ ತಪ್ಪು ಕಾಲಡಿಯಲ್ಲೇ ಬಿದ್ದಿರುತ್ತದೆ.

ಹಾಸಿಗೆ ಬಳಸಬಹುದಾದ ವಸ್ತುಗಳಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಗಂಗಾವತಿ, ಸಿಂಧನೂರು, ದಾವಣಗೆರೆ, ಮಂಡ್ಯಗಳ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟಿನ ಗುಡ್ಡಗಳೇ ಇವೆ. ಕರಾವಳಿಯವರು ಇದನ್ನೇ ಉಮಿ ಎನ್ನುವರು. ಚಳ್ಳಕೆರೆ, ಪಾವಗಡಗಳ ಕಡೆ ಕಡಲೆಕಾಯಿಯ ಸಿಪ್ಪೆ, ತಿಪಟೂರು ಅರಸೀಕೆರೆಗಳ ಕಡೆ ತೆಂಗಿನ ನಾರು ಬಿಡಿಸಿದಾಗ ಉದುರುವ ಹುಡಿ, ಮಲೆನಾಡಿನಲ್ಲಿ ಮರದ ಪುಡಿ ಮತ್ತು ಅಡಕೆಯ ಸಿಪ್ಪೆ, ಬಯಲುಸೀಮೆಯಲ್ಲಿ ರಾಗಿಹುಲ್ಲು, ಎಲ್ಲೆಡೆಯೂ ಮರಳು ಮತ್ತು ತರಗೆಲೆ. ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ನೀರನ್ನು ಹೆಚ್ಚು ಹೀರುವುದು ಮೇಲು. ಕೇಳುವುದಕ್ಕೆ ಈ ಮಾತು ಸರಿಯಾಗಿಯೇ ಇದೆ. ಪೆನ್ಸಿಲು ಕಾಗದ ಹಿಡಿದು ಇದನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ.

ಒಂದು ಲೆಕ್ಕ

ನೂರು ಮೊಟ್ಟೆಕೋಳಿಗಳಿರುವ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಕೋಳಿಯೊಂದಕ್ಕೆ 2 ಚದರ ಅಡಿಯಂತೆ ನೆಲದ ವಿಸ್ತೀರ್ಣ 200 ಚದರ ಅಡಿ, ಎಂದರೆ ಸುಮಾರು 18.6 ಚದರ ಮೀಟರು. ಮೊಟ್ಟೆಯಿಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಮೇವು ತಿಂದು ಅದರ ಎರಡರಷ್ಟು ತೂಕದ ನೀರನ್ನು ಕುಡಿಯುತ್ತದೆ. ಬಿಸಿಲೇರಿದಂತೆ ಇನ್ನೂ ಹೆಚ್ಚು ಕುಡಿಯುತ್ತದೆ. ಈ ನೀರಿನಲ್ಲಿ ಒಂದಂಶ ಮೊಟ್ಟೆಗೆ ಹೋಗುವುದು, ಇನ್ನೊಂದಂಶ ಉಸಿರಿನೊಡನೆ ಹೊರಬೀಳುವುದು, ಮಿಕ್ಕಿದ್ದು ಹಿಕ್ಕೆಯಲ್ಲಿ. ಕೋಳಿಗೆ ಮೂತ್ರವೆಂಬುದು ಬೇರೆಯಾಗಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿಯ ಲೇಪವೇ ಅದರ ಮೂತ್ರ. ರಸಾಯನಶಾಸ್ತ್ರದ ಮಾತಿನಲ್ಲಿ ಯೂರಿಕ್ ಆಮ್ಲ. ಹಸಿ ಹಿಕ್ಕೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಕಡಿಮೆಯಲ್ಲದಷ್ಟು ನೀರಿರುತ್ತದೆ. ದಿನಕ್ಕೆ ಕೋಳಿಯೊಂದಕ್ಕೆ 130 ಗ್ರಾಂ ಹಿಕ್ಕೆಯೆಂದು ಹಿಡಿದರೆ ಅದರಲ್ಲಿ ಹತ್ತಿರ ಹತ್ತಿರ 100 ಗ್ರಾಂ ನೀರು. ನೂರು ಕೋಳಿಗಳಿಗೆ 10 ಲೀಟರು.

ಹತ್ತು ಲೀಟರು ನೀರನ್ನು 18.6 ಚದರ ಮೀಟರಿನ ಮೇಲೆ ಸಮನಾಗಿ ಹರಡಿದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪವಾಗುವುದು. ಒಂದು ತಿಂಗಳಿಗೆ 16 ಮಿಲಿಮೀಟರು. ಮಳೆಯನ್ನು ತಡೆಯಲೆಂದು ಕಟ್ಟಿದ ಮಾಡಿನ ಕೆಳಗೆ, ಆಕಾಶದ ಹಂಗಿಲ್ಲದೆ, ಕೋಳಿಗಳೇ ತಿಂಗಳಿಗೆ 16 ಮಿಲಿಮೀಟರು ಮಳೆ ಸುರಿಸುತ್ತವೆ ಎಂದಂತಾಯಿತು. ನೀರಿನ ಪಾತ್ರೆ ಚೆಲ್ಲಿದ್ದನ್ನು ನಾವು ಎಣಿಸಿಯೇ ಇಲ್ಲ.

ಈಗ ಹಾಸಿನ ಕಡೆಗೆ ಬರೋಣ. ಭತ್ತದ ಹೊಟ್ಟು ಹಗುರವಾದ ವಸ್ತು. ಒಂದು ಘನ ಮೀಟರು ಹೊಟ್ಟಿನ ತೂಕ ಸುಮಾರು 110 ಕಿಲೋಗ್ರಾಂ. 10 ಸೆಂಟಿಮೀಟರು ದಪ್ಪ ಹಾಸಿದರೆ ಚದರ ಮೀಟರಿಗೆ 11 ಕಿಲೋ. ಗಿರಣಿಯಿಂದ ಬಂದಾಗಲೇ ಅದರಲ್ಲಿ ನೂರಕ್ಕೆ ಹತ್ತರಷ್ಟು ತೇವವಿರುವುದರಿಂದ ಒಣ ಅಂಶ 9.9 ಕಿಲೋ, ನೀರು 1.1 ಕಿಲೋ. ಹಾಸಿನ ತೇವ ನೂರಕ್ಕೆ 20ರಿಂದ 30ರವರೆಗೆ ಇದ್ದರೆ ಕ್ಷೇಮ. ಅದನ್ನು ಮೀರಿ ಏರಿದಂತೆ ಹಾಸು ಗಂಟುಕಟ್ಟಿ ಹಪ್ಪಳದಂತೆ ಪದರುಗೊಳ್ಳತೊಡಗುತ್ತದೆ. ನೂರಕ್ಕೆ 30 ಎಂಬ ಗಡಿ ಮುಟ್ಟುವಾಗ 9.9 ಕಿಲೋ ಹೊಟ್ಟಿನಲ್ಲಿರುವ ನೀರು 4.2 ಕಿಲೋ. ಎಂದರೆ ನಮ್ಮ ಹಾಸಿನಲ್ಲಿ ಹೊಸ ನೀರಿಗೆ ಇರುವ ಸ್ಥಳ ಚದರ ಮೀಟರಿಗೆ 3.1 ಕಿಲೋ ಮಾತ್ರ. ದಿನಕ್ಕೆ 0.54 ಕಿಲೋದಂತೆ ಅದು ತುಂಬಲು ಬೇಕಾಗುವ ಕಾಲ ಆರು ದಿನ. ಹಿಕ್ಕೆಯ ಒಣ ಅಂಶವೂ ಸ್ವಲ್ಪ ನೀರನ್ನು ಹಿಡಿದಿಡುವುದೆಂದು ಉದಾರವಾಗಿ ಲೆಕ್ಕ ಹಾಕಿದರೂ ಏಳನೆಯ ದಿನ ದಾಟುವುದಿಲ್ಲ.

ಹಾಸಿನ ಕೆಲಸ ಹೀರುವುದಷ್ಟೇ ಆಗಿದ್ದರೆ ವಾರಕ್ಕೊಮ್ಮೆ ಕೋಳಿಮನೆಯ ಹೊಟ್ಟನ್ನೆಲ್ಲ ಬಳಿದು ಹೊಸದನ್ನು ತುಂಬಬೇಕಾಗುತ್ತಿತ್ತು. ಹಾಗೆ ಯಾರೂ ಮಾಡುವುದಿಲ್ಲ. ಚೆನ್ನಾಗಿ ನೋಡಿಕೊಂಡ ಹಾಸು ಅದೇ ನೆಲದ ಮೇಲೆ ಒಂದು ವರ್ಷ ಬಾಳುತ್ತದೆ. ಆ ವರ್ಷದಲ್ಲಿ ಅದರ ಮೂಲಕ ಮೂರೂವರೆ ಸಾವಿರ ಲೀಟರು ನೀರು ಹಾದುಹೋಗಿರುತ್ತದೆ. ಹಾದುಹೋಗಿರುತ್ತದೆ ಎಂಬ ಮಾತಿನಲ್ಲೇ ವಿಷಯದ ತಿರುಳಿದೆ. ಹಾಸು ನೀರಿನ ತೊಟ್ಟಿಯಲ್ಲ, ನೀರಿನ ದಾರಿ. ಹಿಕ್ಕೆಯಿಂದ ನೀರನ್ನು ಪಡೆದು, ತೆಳ್ಳಗೆ ಹರಡಿ, ಗಾಳಿಗೆ ಒಪ್ಪಿಸಿಬಿಡಬೇಕು. ಎಷ್ಟು ಹೀರಬಲ್ಲದೆಂಬುದಕ್ಕಿಂತ ಎಷ್ಟು ಬೇಗ ಬಿಟ್ಟುಕೊಡಬಲ್ಲದೆಂಬುದು ಅದರ ಯೋಗ್ಯತೆಯನ್ನು ನಿರ್ಧರಿಸುವುದು.

ಗಾಳಿಗೆ ಬಾಯಾರಿಕೆ ಎಷ್ಟು?

ನೀರು ಆವಿಯಾಗಬೇಕಾದರೆ ಶಾಖ ಬೇಕು. 30° ಸೆಲ್ಸಿಯಸ್‌ನಲ್ಲಿ ಒಂದು ಗ್ರಾಂ ನೀರಿನ ಗುಪ್ತೋಷ್ಣ ಸುಮಾರು 2430 ಜೂಲು. ದಿನಕ್ಕೆ 10 ಲೀಟರು ಆವಿಯಾಗಬೇಕಾದರೆ ಹಗಲೂ ಇರುಳೂ ಬಿಡದೆ ಸುಮಾರು 280 ವಾಟಿನಂತೆ ಶಾಖ ಒದಗುತ್ತಿರಬೇಕು. ಇದಕ್ಕೆ ಚಿಂತೆಯಿಲ್ಲ. 41° ಸೆಲ್ಸಿಯಸ್‌ನ ಆಸುಪಾಸಿನ ಮೈಬಿಸಿಯುಳ್ಳ ಕೋಳಿಯೊಂದು ಸುಮಾರು 10 ವಾಟು ಶಾಖವನ್ನು ಹೊರಸೂಸುವ ಪುಟ್ಟ ಒಲೆ. ನೂರು ಕೋಳಿಗಳೆಂದರೆ ಒಂದು ಕಿಲೋವಾಟು. ಮೇಲಾಗಿ ಹಾಸಿನೊಳಗೆ ಕೊಳೆಯಿಸುವ ಜೀವಾಣುಗಳೂ ತಮ್ಮ ಪಾಲಿನ ಶಾಖವನ್ನು ಸೇರಿಸುತ್ತವೆ.

ಕೊರತೆ ಬೀಳುವುದು ಗಾಳಿಯಲ್ಲಿ. ಗಾಳಿಯೆನ್ನುವುದಕ್ಕಿಂತ ಗಾಳಿಯ ಬಾಯಾರಿಕೆಯಲ್ಲಿ. ಪ್ರತಿಯೊಂದು ಉಷ್ಣತೆಯಲ್ಲೂ ಗಾಳಿ ಇಷ್ಟೇ ಆವಿಯನ್ನು ಹೊರಬಲ್ಲದೆಂಬ ಮಿತಿಯಿದೆ; ಆ ಮಿತಿ ಮುಟ್ಟಿದ ಗಾಳಿ ಸಂತೃಪ್ತ. ಮಂಗಳೂರಿನಲ್ಲಿ ಜುಲೈ ತಿಂಗಳ ಒಂದು ದಿನ ಉಷ್ಣತೆ 26°, ಸಾಪೇಕ್ಷ ಆರ್ದ್ರತೆ ನೂರಕ್ಕೆ 90 ಎಂದಿಟ್ಟುಕೊಳ್ಳಿ. 26°ಯಲ್ಲಿ ಸಂತೃಪ್ತ ಗಾಳಿಯ ಘನ ಮೀಟರಿನಲ್ಲಿ 24.4 ಗ್ರಾಂ ಆವಿಯಿರುತ್ತದೆ. ಅದರಲ್ಲಿ 22 ಗ್ರಾಂ ಆಗಲೇ ತುಂಬಿಹೋಗಿರುವುದರಿಂದ ಉಳಿದ ಜಾಗ 2.4 ಗ್ರಾಂ. ನಮ್ಮ 10 ಲೀಟರು ನೀರನ್ನು ಹೊತ್ತೊಯ್ಯಲು 4,000 ಘನ ಮೀಟರಿಗಿಂತಲೂ ಹೆಚ್ಚು ಗಾಳಿ ಬೇಕು. ಬಳ್ಳಾರಿಯಲ್ಲಿ ಮಾರ್ಚಿ ತಿಂಗಳ ಮಧ್ಯಾಹ್ನ 34°, ಆರ್ದ್ರತೆ ನೂರಕ್ಕೆ 30 ಎಂದಿಟ್ಟುಕೊಂಡರೆ ಖಾಲಿ ಜಾಗ 26 ಗ್ರಾಂ. ಬೇಕಾಗುವ ಗಾಳಿ 380 ಘನ ಮೀಟರು. ಎರಡೂವರೆ ಮೀಟರು ಎತ್ತರದ ನಮ್ಮ ಕೋಳಿಮನೆಯ ಗಾಳಿ ಬಳ್ಳಾರಿಯಲ್ಲಿ ದಿನಕ್ಕೆ ಎಂಟು ಸಲ ಬದಲಾದರೆ ಸಾಕು. ಮಂಗಳೂರಿನಲ್ಲಿ ತೊಂಬತ್ತು ಸಲ ಬದಲಾಗಬೇಕು. ಹೊರಹೋಗುವ ಗಾಳಿ ಪೂರ್ತಿ ಸಂತೃಪ್ತವಾಗಿಯೇ ಹೋಗುವುದೆಂಬ ಆದರ್ಶ ಸ್ಥಿತಿಯ ಲೆಕ್ಕವಿದು. ಕೋಳಿಗಳ ಉಸಿರಿನ ನೀರೂ ಇದರಲ್ಲಿ ಸೇರಿಲ್ಲ. ವಾಸ್ತವದಲ್ಲಿ ಎರಡೂ ಕಡೆ ಇದಕ್ಕಿಂತ ಬಹಳ ಹೆಚ್ಚು ಬೇಕು, ಆದರೆ ಅವುಗಳ ನಡುವಣ ಅಂತರ ಸುಳ್ಳಲ್ಲ.

ಆರ್ದ್ರತೆಯ ಪಾಠವನ್ನು ಒದ್ದೆ ಬಲ್ಬು ಒಣ ಬಲ್ಬುಗಳ ಉಷ್ಣತಾಮಾಪಕದೊಡನೆ ಮುಗಿಸಿ ಮುಂದಕ್ಕೆ ಹೋಗಿಬಿಡುವ ನಾವು, ಅದೇ ಪಾಠ ಒಂದು ಬಡ ಸಂಸಾರದ ಇನ್ನೂರು ಮರಿಗಳ ಉಳಿವು ಅಳಿವುಗಳನ್ನು ನಿರ್ಧರಿಸುತ್ತಿರುವುದೆಂದು ವಿದ್ಯಾರ್ಥಿಗಳಿಗೆ ಹೇಳುವುದೇ ಇಲ್ಲ. ಮಳೆ ಬಂತೆಂದು ಗೋಣಿ, ಪ್ಲಾಸ್ಟಿಕ್ಕುಗಳಿಂದ ಕೋಳಿಮನೆಯ ನಾಲ್ಕು ಮಗ್ಗುಲನ್ನೂ ಬಿಗಿಯಾಗಿ ಮುಚ್ಚುವವರು ಎರಚಲನ್ನು ತಡೆದು, ಅದಕ್ಕಿಂತ ದೊಡ್ಡ ಮಳೆಯನ್ನು ಒಳಗೆ ಕೂಡಿಹಾಕುತ್ತಾರೆ. ಮಾಡಿನ ಅಂಚನ್ನು ಮೂರು ನಾಲ್ಕು ಅಡಿ ಹೊರಚಾಚಿ, ತಂತಿಬಲೆಯ ಮಗ್ಗುಲುಗಳನ್ನು ತೆರೆದಿಡುವುದು ಲೇಸು. ಪರದೆ ಹಾಕಲೇಬೇಕಾದರೆ ಕೆಳಗಿನಿಂದ ಮೇಲಕ್ಕೆ ಏರಿಸಿ ಮಾಡಿನ ಬಳಿ ಗಾಳಿಗೆ ದಾರಿ ಬಿಡಬೇಕು.

ಸಂದುಗಳ ಗಾತ್ರ

ಗಾಳಿ ಎಷ್ಟೇ ಬಾಯಾರಿ ಬಂದರೂ ಹಾಸು ತನ್ನ ನೀರನ್ನು ಬಿಡಲೊಪ್ಪದಿದ್ದರೆ ಪ್ರಯೋಜನವಿಲ್ಲ. ಇಲ್ಲಿ ವಸ್ತುವಿನ ಗುಣ ಮುಂದೆ ಬರುತ್ತದೆ. ಹಾಸಿನಲ್ಲಿ ನೀರು ಎರಡು ಬಗೆಯ ಸ್ಥಳಗಳಲ್ಲಿ ನಿಲ್ಲುವುದು: ಕಣಕಣಗಳ ನಡುವಣ ದೊಡ್ಡ ಸಂದುಗಳಲ್ಲಿ, ಮತ್ತು ಕಣದೊಳಗಿನ ಅತಿಸೂಕ್ಷ್ಮ ರಂಧ್ರಗಳಲ್ಲಿ. ದೊಡ್ಡ ಸಂದಿನ ನೀರು ಸುಲಭವಾಗಿ ಆವಿಯಾಗಿ ಹೋಗುವುದು. ಸೂಕ್ಷ್ಮರಂಧ್ರದೊಳಗೆ ನೀರಿನ ಮೇಲ್ಮೈ ಒಳಕ್ಕೆ ಬಾಗಿರುತ್ತದೆ. ಹಾಗೆ ಬಾಗಿದ ಮೇಲ್ಮೈಯ ಮೇಲಿನ ಆವಿಯ ಒತ್ತಡ ಸಮತಟ್ಟಾದ ಮೇಲ್ಮೈಯ ಮೇಲಿನದಕ್ಕಿಂತ ಕಡಿಮೆಯೆಂದು ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, 1871ರಲ್ಲಿ ತೋರಿಸಿಕೊಟ್ಟರು. ರಂಧ್ರ ಕಿರಿದಾದಷ್ಟೂ ನೀರಿನ ಹಿಡಿತ ಬಿಗಿ. ಆರ್ದ್ರತೆ ನೂರಕ್ಕೆ 90 ಇರುವ ಗಾಳಿಯಲ್ಲಿ, ತ್ರಿಜ್ಯ ಸುಮಾರು 10 ನ್ಯಾನೊಮೀಟರಿಗಿಂತ ಕಡಿಮೆಯಿರುವ ರಂಧ್ರಗಳು ಒಣಗುವುದೇ ಇಲ್ಲ.

ಮರದಲ್ಲಿ ಈ ಪರಿಣಾಮವನ್ನು ಕಣ್ಣಾರೆ ಕಾಣಬಹುದು. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಎಲ್ಲರಿಗೂ ತಿಳಿದ ಸಂಗತಿ. ಆರ್ದ್ರತೆ ನೂರಕ್ಕೆ 30 ಇರುವ ಗಾಳಿಯಲ್ಲಿ ಮರ ತನ್ನ ಒಣತೂಕದ ನೂರಕ್ಕೆ 6ರಷ್ಟು ನೀರನ್ನು ಮಾತ್ರ ಇಟ್ಟುಕೊಂಡರೆ, 90ರಲ್ಲಿ ಸುಮಾರು 20ರಷ್ಟನ್ನು ಹಿಡಿದಿಡುತ್ತದೆ. ಕರಾವಳಿಯ ಜುಲೈಯಲ್ಲಿ ಮರದ ಪುಡಿ ಹಾಸಿದವನು ಒಂದೇ ಒಂದು ಕೋಳಿ ಕಾಲಿಡುವ ಮೊದಲೇ ತನ್ನ ಬಂಡವಾಳದ ಬಹುಭಾಗವನ್ನು ಗಾಳಿಗೆ ತೆತ್ತಿರುತ್ತಾನೆ.

ಭತ್ತದ ಹೊಟ್ಟು ಬೇರೆ ಬಗೆಯದು. ಅದನ್ನು ಸುಟ್ಟರೆ ತೂಕದ ಐದನೆಯ ಒಂದು ಪಾಲಿನಷ್ಟು ಬೂದಿ ಉಳಿಯುವುದು; ಆ ಬೂದಿಯ ಬಹುಪಾಲು ಸಿಲಿಕ, ಎಂದರೆ ಮರಳಿನದೇ ದ್ರವ್ಯ. ಭತ್ತದ ಗಿಡ ಮಣ್ಣಿನಿಂದ ಹೀರಿದ ಸಿಲಿಕವನ್ನು ಕಾಳಿನ ಹೊರಕವಚದಲ್ಲಿ ಒತ್ತಾಗಿ ಕೂಡಿಸಿಡುವುದರಿಂದ ಹೊಟ್ಟಿನ ಹೊರಮೈ ಗಾಜಿನಂತೆ ಗಡುಸು. ನೀರು ಅದಕ್ಕೆ ಬೇಗ ಅಂಟದು. ಅದರ ಆಕಾರ ದೋಣಿಯದು. ದೋಣಿಗಳನ್ನು ರಾಶಿ ಹಾಕಿದರೆ ಎಷ್ಟು ತುಳಿದರೂ ಒಂದರೊಳಗೊಂದು ಪೂರ್ತಿ ಕೂಡುವುದಿಲ್ಲ. ನಡುವೆ ಗಾಳಿಗೆ ಓಡಾಡಲು ಸಂದು ಇದ್ದೇ ಇರುತ್ತದೆ. ಹೊಟ್ಟು ಹೆಚ್ಚು ಕುಡಿಯುವುದಿಲ್ಲ ನಿಜ, ಆದರೆ ಕುಡಿದದ್ದನ್ನು ಬಚ್ಚಿಡುವುದೂ ಇಲ್ಲ. ನನ್ನ ಅಭಿಪ್ರಾಯದಲ್ಲಿ, ಕೈಗೆಟುಕುವ ಬೆಲೆಗೆ ದೊರೆಯುವುದಾದರೆ ನಮ್ಮ ಸೀಮೆಗೆ ಇದಕ್ಕಿಂತ ಒಳ್ಳೆಯ ಹಾಸಿಲ್ಲ. ಬೆಲೆಯ ಮಾತು ಸುಮ್ಮನೆ ಬಂದದ್ದಲ್ಲ. ಇಟ್ಟಿಗೆ ಗೂಡುಗಳಿಗೂ ಗಿರಣಿಗಳ ಬಾಯ್ಲರುಗಳಿಗೂ ಹೊಟ್ಟೇ ಉರುವಲಾಗಿರುವುದರಿಂದ ಅದೀಗ ಪುಕ್ಕಟೆಯ ವಸ್ತುವಾಗಿ ಉಳಿದಿಲ್ಲ. ಹಗುರವಾದ್ದರಿಂದ ತೂಕ ತುಂಬುವ ಮೊದಲೇ ಲಾರಿ ತುಂಬಿಹೋಗಿ, ದೂರದ ಊರಿಗೆ ಸಾಗಣೆಯ ಖರ್ಚೇ ಮಿಗಿಲಾಗುವುದು. ಕೊಳ್ಳುವಾಗ ಬೊಗಸೆಯಲ್ಲೆತ್ತಿ ಊದಿ ನೋಡಬೇಕು. ತೌಡು ನುಚ್ಚು ಬೆರೆತಿದ್ದರೆ ಇಲಿಗಳಿಗೂ ಬೂಷ್ಟಿಗೂ ಆಮಂತ್ರಣ ಕೊಟ್ಟಂತೆ.

ಗರಗಸದ ಮರದ ಪುಡಿ ಮೊದಲ ದಿನ ಹೊಟ್ಟಿಗಿಂತ ಚೆನ್ನಾಗಿ ಹೀರುತ್ತದೆ. ಆದರೆ ಕಣ ನುಣುಪು. ಒದ್ದೆಯಾದೊಡನೆ ಒತ್ತಾಗಿ ಕುಳಿತು ಸಂದುಗಳನ್ನು ಮುಚ್ಚುತ್ತದೆ. ಮರಿಗಳು ಅದನ್ನು ಮೇವೆಂದು ಹೆಕ್ಕಿ ತಿನ್ನುವುದೂ ಉಂಟು. ಹಸಿ ಮರದ ಪುಡಿಯನ್ನು ಒಣಗಿಸದೆ ಹಾಸಿದರಂತೂ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು, ಅದರ ಬೀಜಾಣುಗಳು ಎಳೆಯ ಮರಿಗಳ ಶ್ವಾಸಕೋಶವನ್ನು ಸೇರಿ ಮಾರಕವಾಗುವುವು. ಬಡಗಿಯ ಉಜ್ಜುಗೊರಡಿನಿಂದ ಬೀಳುವ ಸುರುಳಿ ಸಿಪ್ಪೆ ಇದೇ ಮರದ್ದಾದರೂ ಗುಣದಲ್ಲಿ ಎಷ್ಟೋ ಮೇಲು: ಸುರುಳಿಗಳ ನಡುವೆ ಗಾಳಿಯಿದೆ. ಪಾಶ್ಚಾತ್ಯ ದೇಶಗಳಲ್ಲಿ ಪೈನ್ ಮರದ ಇಂಥ ಸಿಪ್ಪೆಗೇ ಹೆಚ್ಚಿನ ಮನ್ನಣೆ. ಒಂದೇ ದ್ರವ್ಯ, ಎರಡು ಆಕಾರ, ಎರಡು ಫಲ.

ತೆಂಗಿನ ನಾರಿನ ಹುಡಿ, ನರ್ಸರಿಗಳಲ್ಲಿ ಕೋಕೋಪೀಟ್ ಎಂದು ಮಾರುವ ಅದೇ ವಸ್ತು, ತನ್ನ ತೂಕದ ಆರು ಏಳು ಪಟ್ಟು ನೀರನ್ನು ಹೀರಬಲ್ಲದು. ಹೀರುವುದೇ ಯೋಗ್ಯತೆಯಾಗಿದ್ದರೆ ಪ್ರಥಮ ಸ್ಥಾನ ಇದಕ್ಕೇ ಸಲ್ಲಬೇಕಾಗಿತ್ತು. ಗಿಡದ ಕುಂಡದಲ್ಲಿ ಇದನ್ನು ಬಳಸುವುದಾದರೂ ಏತಕ್ಕೆ? ಬೇಗ ಒಣಗದಿರಲಿ ಎಂದಲ್ಲವೆ? ಕುಂಡದಲ್ಲಿ ಗುಣವಾದದ್ದು ಕೋಳಿಮನೆಯಲ್ಲಿ ದೋಷವಾಗುತ್ತದೆ. ಬಯಲುಸೀಮೆಯ ಬೇಸಗೆಯಲ್ಲಿ, ಹೊಟ್ಟಿನೊಡನೆ ಅರೆಪಾಲು ಬೆರೆಸಿ, ನೀರಿನ ಪಾತ್ರೆಗಳ ಸುತ್ತ ಹಾಕುವುದಕ್ಕೆ ಇದು ಒಳ್ಳೆಯದು; ಮಲೆನಾಡಿನ ಮಳೆಗಾಲಕ್ಕೆ ಬೇಡ.

ಕಡಲೆಕಾಯಿ ಸಿಪ್ಪೆಯನ್ನು ಸ್ವಲ್ಪ ಪುಡಿಮಾಡಿ ಹಾಸಿದರೆ ಹೊಟ್ಟಿಗೆ ಸಮೀಪದ ಕೆಲಸ ಕೊಡುವುದು. ಬೂಷ್ಟಿನ ಭಯವೊಂದಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಕಾರಣ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೆಂದು ಗೊತ್ತಾಗಿ, ಅಫ್ಲಟಾಕ್ಸಿನ್ ಎಂಬ ವಿಷ ಬೆಳಕಿಗೆ ಬಂತು. ಅದು ಮೇವಿನ ಕಥೆ, ಹಾಸಿನದಲ್ಲ; ಆದರೂ ಕೋಳಿ ಹಾಸನ್ನು ಕೆದಕಿ ಹೆಕ್ಕುವ ಹಕ್ಕಿಯಾದ್ದರಿಂದ, ಕಾಳಿನ ಚೂರು ಉಳಿದು ಕಪ್ಪುಗಟ್ಟಿದ ಸಿಪ್ಪೆಯನ್ನು ಮುಟ್ಟದಿರುವುದೇ ಜಾಣತನ. ಉದ್ದ ಹುಲ್ಲು ಚಾಪೆಯಂತೆ ಹೆಣೆದುಕೊಳ್ಳುತ್ತದೆ. ಎರಡು ಅಂಗುಲದ ತುಂಡುಗಳಾಗಿ ಕತ್ತರಿಸಿದರೆ ಅಡ್ಡಿಯಿಲ್ಲ. ಅಡಕೆ ಸಿಪ್ಪೆಯ ನಾರಿಗೂ ಇದೇ ಮಾತು. ತರಗೆಲೆಗಳು ನೆನೆದಾಗ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಅಂಟಿ ಗಾಳಿಯನ್ನು ತಡೆಯುತ್ತವೆ.

ಇನ್ನುಳಿದದ್ದು ಮರಳು. ಮರಳಿನ ಕಣದೊಳಗೆ ರಂಧ್ರವಿಲ್ಲ. ನೀರು ಮೈಮೇಲಷ್ಟೇ ನಿಲ್ಲುವುದರಿಂದ ಬಿಸಿಲು ಗಾಳಿಗಳಿದ್ದಲ್ಲಿ ಬಲು ಬೇಗ ಒಣಗುತ್ತದೆ. ಹಿಕ್ಕೆಯನ್ನು ಜರಡಿಯಿಂದ ತೆಗೆಯಬಹುದು, ಕೋಳಿಗಳಿಗೆ ಧೂಳುಸ್ನಾನವೂ ಆಯಿತು. ಆದರೆ ಅದರ ಉಷ್ಣವಾಹಕತೆ, ಒಣಗಿದಾಗಲೂ, ಹೊಟ್ಟಿನದಕ್ಕಿಂತ ಐದಾರು ಪಟ್ಟು ಹೆಚ್ಚು. ರಾಯಚೂರಿನ ಏಪ್ರಿಲಿನಲ್ಲಿ ಮರಳ ಮೇಲೆ ಎದೆಯೂರಿ ಮಲಗಿದ ಕೋಳಿಗೆ ಇದೊಂದು ಸುಖ. ಡಿಸೆಂಬರಿನ ಇರುಳಿನಲ್ಲಿ ಒಂದು ವಾರದ ಮರಿಗೆ ಇದೇ ಶಿಕ್ಷೆ. ಹೊಟ್ಟು ಬೆಚ್ಚಗಿರುವುದು ಅದರ ಸಂದುಗಳಲ್ಲಿ ಸಿಕ್ಕಿಬಿದ್ದ ಗಾಳಿಯಿಂದ. ಆ ಸಂದುಗಳಲ್ಲಿ ನೀರು ತುಂಬಿದರೆ, ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುವ ವಸ್ತು ಅಲ್ಲಿ ಬಂದು ಕುಳಿತಂತಾಗುವುದು. ಒದ್ದೆ ಹಾಸಿನ ಮೇಲೆ ಮರಿಗಳು ನಡುಗುವುದು ಇದರಿಂದಲೇ.

ಕಣ್ಣುರಿಸುವ ಗಾಳಿ

ಹಾಸು ತೇವವಾದರೆ ಆಗುವ ಕೇಡು ಎರಡು ದಾರಿಗಳಲ್ಲಿ ಬರುತ್ತದೆ. ಒಂದು ಕಾಕ್ಸಿಡಿಯೋಸಿಸ್, ನಮ್ಮ ಸಾಕಣೆಗಾರರು ರಕ್ತಭೇದಿ ಎನ್ನುವ ರೋಗ. ರೋಗಾಣುವಿನ ಗಟ್ಟಿಚಿಪ್ಪಿನ ಕಣಗಳು ಹಿಕ್ಕೆಯೊಡನೆ ಹೊರಬಿದ್ದಾಗ ನಿರಪಾಯಕರ; ತೇವ, ಆಮ್ಲಜನಕ ಮತ್ತು 25°ಯಿಂದ 30°ಯವರೆಗಿನ ಬೆಚ್ಚನೆ ಈ ಮೂರೂ ಕೂಡಿದರೆ ಒಂದೆರಡು ದಿನಗಳಲ್ಲಿ ಪಕ್ವವಾಗಿ, ಮತ್ತೊಂದು ಕೋಳಿಯ ಹೊಟ್ಟೆ ಸೇರಿದೊಡನೆ ರೋಗ ತರುತ್ತವೆ. ಆಮ್ಲಜನಕವನ್ನೂ ಬೆಚ್ಚನೆಯನ್ನೂ ಕೋಳಿಯಿಂದ ಕಸಿಯಲಾಗದು. ನಮ್ಮ ಕೈಯಲ್ಲಿರುವುದು ತೇವವೊಂದೇ.

ಎರಡನೆಯದು ಅಮೋನಿಯ. ಬ್ಯಾಕ್ಟೀರಿಯಗಳು ತೇವದಲ್ಲಿ ಯೂರಿಕ್ ಆಮ್ಲವನ್ನು ಒಡೆದು ಇದನ್ನು ಹುಟ್ಟಿಸುತ್ತವೆ. ನೀರಿನಲ್ಲಿ ಕರಗಿದ ಅಮೋನಿಯಕ್ಕೆ ಎರಡು ರೂಪಗಳುಂಟು: ಹಾರಿಹೋಗುವ ಅನಿಲ, ಹಾರಲಾರದ ಅಮೋನಿಯಂ ಅಯಾನು. ಹಾಸಿನ ಪಿ.ಎಚ್. 7 ಇದ್ದರೆ ಅನಿಲರೂಪದ ಪಾಲು ನೂರಕ್ಕೆ ಒಂದಕ್ಕೂ ಕಡಿಮೆ; 8ಕ್ಕೆ ಏರಿದರೆ ನೂರಕ್ಕೆ 5; 9 ಆದರೆ ಮೂರನೆಯ ಒಂದು ಪಾಲಿಗೂ ಹೆಚ್ಚು. ಒದ್ದೆ ಹಾಸಿಗೆ ಸುಣ್ಣವನ್ನೋ ಬೂದಿಯನ್ನೋ ಎರಚುವ ಪದ್ಧತಿ ಬಳಕೆಯಲ್ಲಿದೆ. ಸುಣ್ಣ ತೇವವನ್ನು ತಗ್ಗಿಸುವುದು ನಿಜ; ಆದರೆ ಪಿ.ಎಚ್. ಏರಿಸಿ ಅಲ್ಲಿಯವರೆಗೆ ಅಡಗಿದ್ದ ಅಮೋನಿಯವನ್ನೆಲ್ಲ ಒಮ್ಮೆಲೇ ಹೊರಡಿಸುವುದೂ ಅಷ್ಟೇ ನಿಜ. ಕೋಳಿಗಳನ್ನು ಹೊರಗಟ್ಟಿ, ಮಗ್ಗುಲುಗಳನ್ನು ತೆರೆದು ಈ ಕೆಲಸ ಮಾಡಬೇಕು. ಮುಚ್ಚಿದ ಮನೆಯಲ್ಲಿ ಸಂಜೆ ಸುಣ್ಣ ಎರಚಿ ಹೋಗುವುದು ಕ್ರೌರ್ಯ. ಪಿ.ಎಚ್. ತಗ್ಗಿಸಬೇಕಾದರೆ ಸೂಪರ್ ಫಾಸ್ಫೇಟನ್ನೋ ಅಲ್ಯೂಮಿನಿಯಂ ಸಲ್ಫೇಟನ್ನೋ ಹಾಕುವರು.

ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯ 25 ಭಾಗವನ್ನು ಮೀರಬಾರದೆಂಬುದು ರೂಢಿಯ ಮಿತಿ. ಅದಕ್ಕಿಂತ ಹೆಚ್ಚಿದ್ದಲ್ಲಿ ಬಹುಕಾಲ ಇದ್ದರೆ ಕೋಳಿಯ ಶ್ವಾಸನಾಳದಲ್ಲಿ ಧೂಳನ್ನು ಹೊರದೂಡುವ ಸೂಕ್ಷ್ಮ ರೋಮಗಳು ಹಾಳಾಗಿ, ಕಣ್ಣು ಬಾತು, ಬೇರೆ ರೋಗಗಳಿಗೆ ಬಾಗಿಲು ತೆರೆಯುತ್ತದೆ. ನಿಂತುಕೊಂಡು ಮೂಸಿ ನೋಡಿ ಸಮಾಧಾನ ಪಡುವವರು ಒಂದು ವಿಷಯವನ್ನು ಮರೆಯುತ್ತಾರೆ: ನಮ್ಮ ಮೂಗು ನೆಲದಿಂದ ಐದಡಿ ಮೇಲಿದೆ, ಮರಿಯ ಮೂಗು ಅನಿಲ ಹುಟ್ಟುವ ಸ್ಥಳದಿಂದ ಮೂರೇ ಅಂಗುಲದಲ್ಲಿದೆ. ದಿನವೂ ಒಳಗೆ ಓಡಾಡುವವರ ಮೂಗು ಬೇಗ ಒಗ್ಗಿಹೋಗುವುದು ಬೇರೆ. ಕುಕ್ಕರಗಾಲಿನಲ್ಲಿ ಕುಳಿತು ಒಂದು ನಿಮಿಷ ಉಸಿರಾಡಿ ನೋಡಬೇಕು. ಸಾಧ್ಯವಾದರೆ ಹೊರಗಿನವರೊಬ್ಬರಿಂದ ಆ ಕೆಲಸ ಮಾಡಿಸಬೇಕು.

ಹಾಸನ್ನು ಆಗಾಗ್ಗೆ ಬದಲಿಸುತ್ತಿರಬೇಕೆಂಬ ನಂಬಿಕೆಗೆ ಅಮೆರಿಕದ ಒಹಾಯೊ ಸಂಸ್ಥಾನದ ವೂಸ್ಟರ್ ಪ್ರಯೋಗಕೇಂದ್ರದಲ್ಲಿ 1940ರ ದಶಕದಲ್ಲಿ ಕೆನಾರ್ಡ್ ಮತ್ತು ಚೇಂಬರ್ಲಿನ್ ನಡೆಸಿದ ಪ್ರಯೋಗಗಳು ಧಕ್ಕೆ ತಂದವು. ಹಳೆಯ ಹಾಸನ್ನು ತೆಗೆಯದೆ ಮೇಲೆ ಮೇಲೆ ಹೊಸದನ್ನು ಸೇರಿಸುತ್ತ ಬಂದ ಮನೆಗಳ ಕೋಳಿಗಳು ಕೊರತೆಯ ಮೇವು ತಿಂದರೂ ಮರಿಯೊಡೆಯುವ ಮೊಟ್ಟೆಗಳನ್ನಿಟ್ಟವು. ಹಾಸಿನ ಜೀವಾಣುಗಳು ತಯಾರಿಸುತ್ತಿದ್ದ ಪೋಷಕಾಂಶವನ್ನು ಕೋಳಿಗಳು ಹೆಕ್ಕಿ ತಿನ್ನುತ್ತಿದ್ದುವು. 1948ರಲ್ಲಿ ಬೇರ್ಪಡಿಸಲ್ಪಟ್ಟ ಬಿ-12 ಜೀವಸತ್ತ್ವ ಅದರಲ್ಲಿ ಮುಖ್ಯವಾದುದು. ಇಂದಿನ ಸಿದ್ಧಮೇವಿನಲ್ಲಿ ಬಿ-12 ಬೆರೆತೇ ಇರುವುದರಿಂದ ಆ ಲಾಭಕ್ಕೆ ಮೊದಲಿನ ಬೆಲೆಯಿಲ್ಲ. ಮೊಟ್ಟೆಕೋಳಿಗಳ ದೊಡ್ಡ ಉದ್ಯಮವೂ ಬಹುಮಟ್ಟಿಗೆ ತಂತಿಯ ಪಂಜರಗಳಿಗೆ ಹೋಗಿಬಿಟ್ಟಿದೆ. ಆದರೆ ಮಾಂಸದ ಕೋಳಿ ಮತ್ತು ಹಿತ್ತಿಲ ಕೋಳಿಗಳು ಇಂದಿಗೂ ಹಾಸಿನ ಮೇಲೆಯೇ ಬೆಳೆಯುತ್ತವೆ. ಆಳವಾದ ಹಾಸು ಜೀವಂತ ಹಾಸು; ಒಣಗಿಸಿ, ತಿರುವಿ, ಗಾಳಿಯಾಡಿಸುತ್ತಿದ್ದರೆ ಅದು ಕೊಳೆಯುವುದಿಲ್ಲ, ಮಾಗುತ್ತದೆ. ತಿರುವುವ ಕೆಲಸಕ್ಕೆ ಹಲ್ಲಿನ ಕುಂಟೆ ಬೇಕು. ಇದಕ್ಕೆ ಕೋಳಿಯ ಕಾಲನ್ನೂ ಕೆಲಸಕ್ಕೆ ಹಚ್ಚಬಹುದು: ಸಂಜೆ ಒಂದು ಹಿಡಿ ಜೋಳವನ್ನೋ ರಾಗಿಯನ್ನೋ ಗಂಟುಕಟ್ಟುವ ಜಾಗದ ಮೇಲೆ ಚೆಲ್ಲಿದರೆ, ಕತ್ತಲಾಗುವುದರೊಳಗೆ ಅವು ಆ ನೆಲವನ್ನು ಉತ್ತು ಮುಗಿಸಿರುತ್ತವೆ.

ಅಂಗಳದ ಮಾತು

ಬೇಲಿ ಹಾಕಿದ ಹೊರಗಿನ ಅಂಗಳಕ್ಕೆ ಬೇರೆಯೇ ನ್ಯಾಯ. ಅಲ್ಲಿ ನೀರು ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಬರುತ್ತದೆ. ಲೋಮನಾಳದಲ್ಲಿ ನೀರು ಏರುವ ಎತ್ತರ ಅದರ ತ್ರಿಜ್ಯಕ್ಕೆ ವಿಲೋಮವಾಗಿರುವುದೆಂದು ವಿದ್ಯಾರ್ಥಿಗಳು ಓದಿದ್ದಾರೆ. ಅರ್ಧ ಮಿಲಿಮೀಟರು ತ್ರಿಜ್ಯದ ಸಂದಿನಲ್ಲಿ ನೀರು 3 ಸೆಂಟಿಮೀಟರು ಏರಿದರೆ, ಅದರ ಹತ್ತನೆಯ ಒಂದು ಪಾಲಿನ ಸಂದಿನಲ್ಲಿ 30 ಸೆಂಟಿಮೀಟರು ಏರುವುದು. ಗದಗ, ವಿಜಯಪುರಗಳ ಎರೆಮಣ್ಣಿನ ಸಂದುಗಳು ಇದಕ್ಕಿಂತಲೂ ಎಷ್ಟೋ ಕಿರಿದು. ಅಂಥ ನೆಲದ ಮೇಲೆ ನೇರವಾಗಿ ಹೊಟ್ಟು ಸುರಿದರೆ ಮಣ್ಣು ಬತ್ತಿಯಂತೆ ನೀರನ್ನು ಮೇಲಕ್ಕೆಳೆದು ಹಾಸಿಗೆ ಉಣಿಸುತ್ತಲೇ ಇರುತ್ತದೆ. ಮೊದಲು ಒಂದು ಗೇಣು ದಪ್ಪ ಜಲ್ಲಿ ಅಥವಾ ದಪ್ಪ ಮರಳನ್ನು ಹರಡಿದರೆ ಅಲ್ಲಿನ ದೊಡ್ಡ ಸಂದುಗಳಲ್ಲಿ ನೀರಿನ ಏರಿಕೆ ಕಡಿದುಬೀಳುತ್ತದೆ. ಅದರ ಮೇಲೆ ಒರಟಾದ ಮರದ ಚಕ್ಕೆಗಳು ಅಥವಾ ಮರಳು. ಮಳೆ ನೇರವಾಗಿ ಬೀಳುವ ಬಯಲಿನಲ್ಲಿ ಹೊಟ್ಟು, ಮರದ ಪುಡಿ, ನಾರಿನ ಹುಡಿ ಇವುಗಳಿಗೆ ಸ್ಥಳವಿಲ್ಲ. ಕರಾವಳಿಯ ಮುರಕಲ್ಲಿನ ನೆಲ ನೀರನ್ನು ತಾನೇ ಇಂಗಿಸಿಕೊಳ್ಳುವುದರಿಂದ ಇಳಿಜಾರೊಂದನ್ನು ನೋಡಿಕೊಂಡರೆ ಸಾಕಾಗುವುದು.

ಮನೆಯೊಳಗಿನ ಹಾಸಿಗೆ ಪ್ರಯೋಗಶಾಲೆಯ ಉಪಕರಣವೇನೂ ಬೇಡ. ಒಂದು ಹಿಡಿ ಹಾಸನ್ನು ಬಿಗಿಯಾಗಿ ಹಿಸುಕಿ ಕೈ ತೆರೆಯಬೇಕು. ಉಂಡೆಯಾಗಿಯೇ ನಿಂತರೆ ನೀರು ಹೆಚ್ಚಾಯಿತು. ಸ್ವಲ್ಪ ಹಿಡಿದುಕೊಂಡು ಮೆಲ್ಲನೆ ಒಡೆದರೆ ತಕ್ಕಷ್ಟಿದೆ. ಹಿಡಿಯದೆ ಧೂಳೆದ್ದರೆ ತೀರ ಒಣಗಿದೆ. ತೀರ ಒಣಗಿದ ಹಾಸಿನ ಧೂಳೂ ಉಸಿರಿಗೆ ಒಳ್ಳೆಯದಲ್ಲ. ಮರಿಗಳಿಗೆ ಮೊದಲ ಮೂರು ನಾಲ್ಕು ದಿನ ಹಾಸಿನ ಮೇಲೆ ಕಾಗದ ಹರಡುವುದು ವಾಡಿಕೆ. ನುಣುಪಾದ ವೃತ್ತಪತ್ರಿಕೆಯ ಮೇಲೆ ಕಾಲು ಜಾರಿ ಅಗಲಿಕೊಳ್ಳುವ ಭಯವಿರುವುದರಿಂದ ಒರಟು ಮೈಯ ಕಾಗದ ಲೇಸು.

ಇಷ್ಟನ್ನು ಓದಿದ ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಬಾಯಿ ಅಗಲವಾದ ನಾಲ್ಕು ಒಂದೇ ಅಳತೆಯ ಡಬ್ಬಿಗಳಲ್ಲಿ ಹೊಟ್ಟು, ಮರದ ಪುಡಿ, ನಾರಿನ ಹುಡಿ, ಮರಳುಗಳನ್ನು ಒಂದೇ ಎತ್ತರಕ್ಕೆ ತುಂಬಿ ತೂಗಿರಿ. ಪ್ರತಿಯೊಂದಕ್ಕೂ 100 ಮಿಲಿಲೀಟರು ನೀರು ಚಿಮುಕಿಸಿ ಚೆನ್ನಾಗಿ ಕಲಸಿ, ಮತ್ತೆ ತೂಗಿ, ಮಳೆ ಬೀಳದ ಜಗಲಿಯಲ್ಲಿಡಿ. ದಿನವೂ ಬೆಳಿಗ್ಗೆ ಅದೇ ಹೊತ್ತಿಗೆ ತೂಕ ಬರೆದುಕೊಂಡು, ದಿನಗಳನ್ನು ಅಡ್ಡಲಾಗಿಯೂ ಉಳಿದ ನೀರನ್ನು ಲಂಬವಾಗಿಯೂ ಗುರುತಿಸಿ ನಕ್ಷೆ ಎಳೆಯಿರಿ. ಪ್ರತಿಯೊಂದರಲ್ಲೂ ಇನ್ನೊಂದು ಡಬ್ಬಿಯನ್ನು ತಯಾರಿಸಿ, ಅದನ್ನು ಮಾತ್ರ ದಿನಕ್ಕೊಮ್ಮೆ ಕಡ್ಡಿಯಿಂದ ಕೆದಕುತ್ತ ಬಂದರೆ ಕೋಳಿಯ ಕಾಲಿನ ಬೆಲೆಯೂ ಗ್ರಾಂಗಳಲ್ಲಿ ದೊರೆಯುವುದು. ಜೂನಿನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಇದನ್ನು ಮಾಡಿ, ಎರಡು ನಕ್ಷೆಗಳನ್ನೂ ಒಂದೇ ಹಾಳೆಯ ಮೇಲೆ ಎಳೆಯಿರಿ; ನಿಮ್ಮ ಊರಿಗೆ ತಕ್ಕ ಹಾಸು ಯಾವುದೆಂಬುದನ್ನು ಆ ಹಾಳೆ ಈ ಲೇಖನಕ್ಕಿಂತ ಖಚಿತವಾಗಿ ಹೇಳುವುದು.